ತುಘಲಕ್ ಸಾಂಕೇತಿಕ ನಾಣ್ಯಗಳು

ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ (ಆಳ್ವಿಕೆ 1325–1351) ಬೆಳ್ಳಿ ಟಂಕದ ಬದಲಿಗೆ ಹೊರಡಿಸಿದ ಹಿತ್ತಾಳೆ ಮತ್ತು ತಾಮ್ರದ ನಾಣ್ಯಗಳು. ಹಿಜರಿ 730ರಿಂದ 732ರವರೆಗೆ, ಸುಮಾರಾಗಿ 1329–1332ರ ನಡುವೆ, ಅಚ್ಚಾದವು. ಸಮಕಾಲೀನ ಚರಿತ್ರೆಕಾರ ಜಿಯಾವುದ್ದೀನ್ ಬರನಿ ಇವನ್ನು ತಾಮ್ರದ ನಾಣ್ಯಗಳೆಂದೇ ಕರೆದಿದ್ದರೂ ಉಳಿದು ಬಂದವುಗಳಲ್ಲಿ ಹಿತ್ತಾಳೆಯವೂ ಬಹಳ. ಕನ್ನಡ ಓದುಗರಿಗೆ ಈ ಪ್ರಸಂಗದ ಪರಿಚಯ ಹೆಚ್ಚಾಗಿ ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದಿಂದ.

ಹಿನ್ನೆಲೆ: ದಂಡಯಾತ್ರೆಯ ಹಂಬಲ ಮತ್ತು ಕೈಬಿಚ್ಚಿದ ದಾನಗಳಿಂದ ಬೊಕ್ಕಸ ಬರಿದಾಗಿತ್ತೆಂದು ಬರನಿಯ ದೂರು. ಬೆಳ್ಳಿಯ ಅಭಾವವೇ ಮುಖ್ಯ ಕಾರಣವೆಂದು ಹಲವು ಆಧುನಿಕ ವಿದ್ವಾಂಸರ ಮತ. ಚೀನಾದ ಕಾಗದದ ಹಣ, 1294ರಲ್ಲಿ ಇರಾನಿನಲ್ಲಿ ನಡೆದು ಸೋತ ಅಂಥದೇ ಪ್ರಯೋಗ ಸುಲ್ತಾನನಿಗೆ ತಿಳಿದಿದ್ದಿರಬಹುದು.

ಬರಹ ಮತ್ತು ಮೌಲ್ಯ: ಸಾಂಕೇತಿಕ ಟಂಕದ ತೂಕ ಸುಮಾರು 9 ಗ್ರಾಂ. ಇದರ ಬರಹದಷ್ಟು ಮಾತಾಳಿಯಾದದ್ದು ದೆಹಲಿಯ ಬೇರೆ ನಾಣ್ಯಗಳಲ್ಲಿ ಅಪರೂಪ. ಒಂದು ಬದಿಯ ಪರ್ಷಿಯನ್ ಬರಹ, ಭರವಸೆಯಿಟ್ಟ ದಾಸ ಮುಹಮ್ಮದ್ ತುಘಲಕನ ಕಾಲದಲ್ಲಿ ಚಲಾವಣೆಯ ಟಂಕವೆಂದು ಮುದ್ರೆ ಬಿದ್ದಿದೆ ಎನ್ನುತ್ತದೆ. ಇನ್ನೊಂದು ಬದಿ ಅರಬ್ಬಿ: ಸುಲ್ತಾನನ ಮಾತು ಕೇಳಿದವನು ದಯಾಮಯನಾದ ದೇವರ ಮಾತು ಕೇಳಿದಂತೆ. ಅದರ ಸುತ್ತ ದುಂಡಾಗಿ ಟಂಕಸಾಲೆಯ ಊರು, ಅಕ್ಷರಗಳಲ್ಲಿ ಹಿಜರಿ ವರ್ಷ. ದೌಲತಾಬಾದಿನದಾದರೆ 'ತಖ್ತ್‌ಗಾಹ್', ಅಂದರೆ ಸಿಂಹಾಸನದ ಊರು, ಎಂಬ ವಿಶೇಷಣ ಸೇರುತ್ತದೆ. ಅಚ್ಚು ಲೋಹದ ಬಿಲ್ಲೆಗಿಂತ ದೊಡ್ಡದಾದಲ್ಲಿ ಮೊದಲು ಕಳೆದುಹೋಗುವುದು ಈ ಅಂಚಿನ ಸಾಲೇ. ಕೆಲವು ನಾಣ್ಯಗಳಲ್ಲಿ ಅಧಿಕಾರದಲ್ಲಿರುವವರಿಗೆ ವಿಧೇಯರಾಗಿರಿ ಎಂಬ ಕುರಾನಿನ ಆದೇಶವೂ ಇದೆ. ಲೋಹದಲ್ಲಿಲ್ಲದ ಬೆಲೆಯನ್ನು ಧರ್ಮದ ಮಾತಿನಿಂದ ತುಂಬುವ ಯತ್ನವಿದು. ದಖ್ಖಣದ ಲೆಕ್ಕದಂತೆ ಟಂಕಕ್ಕೆ 50 ಗಾನಿ (ಚಿಲ್ಲರೆ ಲೆಕ್ಕದ ಮಾನ). ಅರ್ಧ ಟಂಕ, 8 ಗಾನಿ, 2 ಗಾನಿಯ ಚಿಲ್ಲರೆಯೂ ಇದ್ದವು. ದೆಹಲಿ, ದೌಲತಾಬಾದ್, ಲಖ್ನೌತಿ, ತಿರ್ಹುತ್‌ಗಳಲ್ಲಿ ಟಂಕಸಾಲೆಗಳಿದ್ದವು.

ಖೋಟಾ ನಾಣ್ಯ: ಹಿಂದೂಗಳ ಮನೆಮನೆಯೂ ಟಂಕಸಾಲೆಯಾಯಿತೆಂಬ ಬರನಿಯ ಮಾತು ಉತ್ಪ್ರೇಕ್ಷೆ, ಆಸ್ಥಾನದ ಪೂರ್ವಗ್ರಹವೂ ಅದರಲ್ಲಿದೆ. ಆದರೆ ಸಮಕಾಲೀನ ನಕಲಿಗಳು ಸಿಕ್ಕಿರುವುದು ನಿಜ; ಅಕ್ಷರ ಸೊಟ್ಟಗಿರುವುದೇ ಅವುಗಳ ಗುರುತು. ಕಂಚುಗಾರನ ಕೈಗೆಟುಕುವ ಲೋಹಕ್ಕೆ ಬೆಳ್ಳಿಯ ಬೆಲೆ ಕಟ್ಟಿದ ಮೇಲೆ ನಕಲು ತಡೆಯುವುದು ಕಷ್ಟವಿತ್ತು.

ಹಿಂತೆಗೆತ: ಜನ ತಂದ ನಾಣ್ಯಗಳಿಗೆ ಬೊಕ್ಕಸ ಚಿನ್ನ, ಬೆಳ್ಳಿ ಕೊಟ್ಟಿತು, ದೆಹಲಿಯ ತುಘಲಕಾಬಾದ್ ಕೋಟೆಯಲ್ಲಿ ಅವುಗಳ ರಾಶಿ ಬಿದ್ದಿತ್ತೆಂದು ಬರನಿ ಬರೆಯುತ್ತಾನೆ. 1334ರಲ್ಲಿ ದೆಹಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಈ ಪ್ರಯೋಗದ ಸುದ್ದಿಯನ್ನೇ ಎತ್ತುವುದಿಲ್ಲ. ಹುಚ್ಚುತನಕ್ಕೆ ಉದಾಹರಣೆಯಾಗಿ ಇದನ್ನು ಹೇಳುವವರು ಮರೆಯುವ ಸಂಗತಿಯೊಂದಿದೆ: ನಷ್ಟವನ್ನು ಪ್ರಜೆಗಳ ತಲೆಗೆ ಕಟ್ಟದೆ ಸುಲ್ತಾನನ ಬೊಕ್ಕಸವೇ ಹೊತ್ತಿತು.