ಜೇಕಿನ ಮೇಲೆ ಉಳಿದ ಚರಿತ್ರೆ

ಕೆರೆಯಂಚಿನ ಜೇಕನ್ನು ನಾವು ಕಳೆಯೆಂದು ಕಿತ್ತೊಗೆಯುತ್ತೇವೆ. ಅದೇ ಕುಲದ ಪಪೈರಸ್ ನೈಲ್ ನದಿಯ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುತ್ತಿತ್ತು. ಪ್ರಾಚೀನ ಈಜಿಪ್ಟಿನವರು ಅದರ ದಂಟಿನ ತಿರುಳನ್ನು ಪಟ್ಟಿಗಳಾಗಿ ಸೀಳಿ, ಉದ್ದಕ್ಕೊಂದು ಅಡ್ಡಕ್ಕೊಂದು ಪದರ ಹಾಸಿ, ಒತ್ತಿ ಒಣಗಿಸಿ ಬರೆಯುವ ಹಾಳೆ ಮಾಡಿದರು.

ನಾನು ಪಿರಮಿಡ್ಡುಗಳ ಪಾಠ ಹೇಳುತ್ತಿದ್ದಾಗ ಪಠ್ಯದಲ್ಲಿದ್ದುದು ದೊರೆ ಖುಫುವಿನ ಹೆಸರು ಮಾತ್ರ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ, ಮರುಭೂಮಿಯ ಒಣಹವೆಯಲ್ಲಿ ಉಳಿದಿದ್ದ ಸುಮಾರು 4,500 ವರ್ಷ ಹಳೆಯ ಪಪೈರಸ್ ಹಾಳೆಗಳು ದೊರೆತವು. ಅವುಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯಿದೆ. ಖುಫುವಿನ ಮಹಾ ಪಿರಮಿಡ್ಡಿಗಾಗಿ ತುರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ವಿವರ ಅದು. ದೊರೆಯ ಹೆಸರು ಕಲ್ಲಿನಲ್ಲಿ ಉಳಿದಿತ್ತು. ದುಡಿದವರ ದಿನಗಳು ಜೇಕಿನಲ್ಲಿ ಉಳಿದಿದ್ದವು.

ಮುಂದೆ ಕಾಗದ ಬಳಕೆಗೆ ಬಂದು ಪಪೈರಸ್ ಕೃಷಿ ನಿಂತಿತು. ಈಜಿಪ್ಟಿನಲ್ಲಿ ಆ ಸಸ್ಯವೇ ಬಹುಮಟ್ಟಿಗೆ ಕಣ್ಮರೆಯಾಯಿತು.