ಬ್ರೆಡ್ಡು, ಜಾಮು ಮತ್ತು ಸಮಾನ ಹಕ್ಕು

ಅಮೆರಿಕದ ಸಮಾನ ಹಕ್ಕಿನ ತಿದ್ದುಪಡಿಗೆ ಅಡ್ಡಗಾಲು ಹಾಕಿದವರು ಗಂಡಸರೇ ಅಂದುಕೊಂಡಿದ್ದೆ. ಓದಿದರೆ, ಮುಂದೆ ನಿಂತಿದ್ದು ಆರು ಮಕ್ಕಳ ತಾಯಿ ಫಿಲಿಸ್ ಶ್ಲಾಫ್ಲಿ! 1972ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ್ದ ತಿದ್ದುಪಡಿಗೆ 38 ರಾಜ್ಯಗಳ ಒಪ್ಪಿಗೆ ಬೇಕಿತ್ತು. 1982ರ ಗಡುವಿನೊಳಗೆ ಒಪ್ಪಿದ್ದು 35 ಮಾತ್ರ. ಶ್ಲಾಫ್ಲಿ ಕಡೆಯ ಹೆಂಗಸರು ಶಾಸಕರಿಗೆ ಮನೆಯಲ್ಲೇ ಮಾಡಿದ ಬ್ರೆಡ್ಡು, ಜಾಮು ಹಂಚಿದರಂತೆ. ಗೃಹಿಣಿಯ ಬದುಕನ್ನು ಹೊಗಳುತ್ತಲೇ ಊರೂರು ಸುತ್ತಿ ಭಾಷಣ ಮಾಡಿದ ಈಕೆ, ನಡುವೆ 1978ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಸ್ತ್ರೀವಾದಿಗಳಿಗೆ ಸಿಟ್ಟು ಬಾರದೆ ಇರುತ್ತದೆಯೇ?

ಗಂಡ ಸಾಕಲೇಬೇಕೆಂಬ ಕಾನೂನು ಹೋದರೆ ಗತಿಯೇನು ಅನ್ನುವುದು ಆ ಗೃಹಿಣಿಯರ ಭಯ. ಆ ರಕ್ಷಣೆ ಇರುವುದೇ ಕಾಗದದ ಮೇಲೆ ಅನ್ನುವುದು ಸ್ತ್ರೀವಾದಿಗಳ ಉತ್ತರ. ನನಗೆ ಉತ್ತರವೇ ಸರಿ ಅನ್ನಿಸುತ್ತದೆ. ಆದರೆ ಆ ಭಯವನ್ನು ನೋಡಿ ನಗಲಾರೆ... ಅಮ್ಮನ ಹೆಸರಿಗೆ ಬ್ಯಾಂಕ್ ಖಾತೆ ಮಾಡಿಸಿದ್ದು ನನಗೆ ಕೆಲಸ ಸಿಕ್ಕ ಮೇಲೆ.