ಕಮಲಾ ಸೊಹೊನಿ: ಸಂಶೋಧನೆ ಮತ್ತು ಉಲ್ಲೇಖಗಳ ದಾಖಲೆ

ಕಮಲಾ ಸೊಹೊನಿ (1911–1998): ಬೇಳೆಕಾಳು, ಹಾಲು ಮತ್ತು ನೀರಾ (ತಾಳೆ ಜಾತಿಯ ಮರಗಳ ಸಿಹಿರಸ) ಇವುಗಳ ಪೋಷಕಾಂಶಗಳ ಮೇಲೆ ದುಡಿದ ಭಾರತೀಯ ಜೀವರಸಾಯನ ವಿಜ್ಞಾನಿ. ಹುಟ್ಟಿದ್ದು ಇಂದೂರಿನಲ್ಲಿ. ಮದುವೆಗೆ ಮುಂಚಿನ ಹೆಸರು ಕಮಲಾ ಭಾಗವತ್. ತಂದೆ ನಾರಾಯಣರಾವ್ ಮತ್ತು ತಂದೆಯ ಸೋದರ ಮಾಧವರಾವ್ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಸಾಯನ ವಿಜ್ಞಾನಿಗಳು. ಕಮಲಾ ಅವರ ಸಂಶೋಧನೆಯೂ ಅಲ್ಲಿಂದಲೇ ಆರಂಭವಾಯಿತು.

ಬೆಂಗಳೂರು

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು ಅವರು ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಷರತ್ತಿನ ಮೇಲೆ ಸೇರಿಸಿಕೊಳ್ಳಲಾಯಿತು. ಅವರ ಕೆಲಸ ಕಂಡ ಮೇಲೆ ಬೇರೆ ಹೆಣ್ಣುಮಕ್ಕಳಿಗೂ ಸಂಸ್ಥೆಯ ಬಾಗಿಲು ತೆರೆಯಿತು. ಕಮಲಾ ಅವರ ಮಾರ್ಗದರ್ಶಕರು ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ. ಬೇಳೆಕಾಳುಗಳಲ್ಲಿ ಪ್ರೋಟೀನಿನ ಹೊರತಾಗಿ ಇರುವ ಸಾರಜನಕವನ್ನು ಕುರಿತು ಇಬ್ಬರೂ ಸೇರಿ ಬರೆದ ಪ್ರಬಂಧ 1935ರಲ್ಲಿ ಬ್ರಿಟನ್ನಿನ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು.

ಕೇಂಬ್ರಿಜ್

ಮುಂದಿನ ಅಧ್ಯಯನ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ನಡೆಯಿತು. ಅಲ್ಲಿ ಜೀವರಸಾಯನ ವಿಜ್ಞಾನಿ ಡೆರೆಕ್ ರಿಕ್ಟರ್ ಜೊತೆಗಿನ ಪ್ರಬಂಧ 1938ರಲ್ಲಿ ಬಂತು. ಆಮೇಲೆ ಸಸ್ಯ ಜೀವರಸಾಯನ ವಿಜ್ಞಾನಿ ರಾಬಿನ್ ಹಿಲ್ ಬಳಿ ಆಲೂಗೆಡ್ಡೆಯ ಅಂಗಾಂಶದ ಮೇಲೆ ಕೆಲಸ ಮಾಡುತ್ತ, ಸಸ್ಯಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಪಾತ್ರ ವಹಿಸುತ್ತದೆ ಎಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ಹಿಲ್ ಜೊತೆ ಸಸ್ಯಗಳ ಸೈಟೋಕ್ರೋಮ್ ಆಕ್ಸಿಡೇಸ್ ಕುರಿತು ಬರೆದ ಲೇಖನ ‘ನ್ಯೂ ಫೈಟಾಲಜಿಸ್ಟ್’ನಲ್ಲಿ ಅಚ್ಚಾದದ್ದು 1951ರಲ್ಲಿ.

ಕಾಳುಗಳ ಸಂಶೋಧನೆ

ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣಾ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಹೋದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿ, ಮುಂದೆ ನಿರ್ದೇಶಕಿಯಾಗಿ ದುಡಿದರು. ನೀರಾದ ಪೋಷಕ ಗುಣಗಳನ್ನು ಪರೀಕ್ಷಿಸಿದ್ದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಅವರ ಅತಿ ದೀರ್ಘ ಅಧ್ಯಯನ ಕಾಳುಗಳದ್ದು. ಹಸಿ ಕಾಳಿನಲ್ಲಿ ಜೀರ್ಣಕ್ರಿಯೆಯ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಪದಾರ್ಥಗಳಿವೆ. ರಕ್ತದ ಕೆಂಪುಕಣಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನುಗಳೂ ಇವೆ. ಅವರೆ ಮತ್ತು ಡಬಲ್ ಬೀನ್ಸ್‌ನಿಂದ ಟ್ರಿಪ್ಸಿನ್ ತಡೆಯುವ ಪದಾರ್ಥವನ್ನು ಹರಳುರೂಪದಲ್ಲಿ ಬೇರ್ಪಡಿಸಿದ ವರದಿ 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅವರೆಯ ರಕ್ತಕಣ ಅಂಟಿಸುವ ಪ್ರೋಟೀನಿನ ಅಧ್ಯಯನ 1965ರದ್ದು. ಚೆನ್ನಾಗಿ ಬೇಯಿಸಿದರೆ ಇಂಥವುಗಳ ಪ್ರಭಾವ ಬಹುಮಟ್ಟಿಗೆ ಕುಂದುತ್ತದೆ. ಕಾಳನ್ನೇ ನಂಬಿದ ಜನರಿಗೆ ಇದು ಊಟದ ಪ್ರಶ್ನೆ. ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಮಳೆಯಾಶ್ರಿತ ಹೊಲಗಳಲ್ಲಿ ಹೆಸರು, ಕಡಲೆ, ತೊಗರಿ ಬೆಳೆದು ರೊಟ್ಟಿಗೆ ಕಾಳುಪಲ್ಯ ಹಚ್ಚಿಕೊಳ್ಳುವ ಮನೆಗಳಲ್ಲಾಗಲಿ, ತುಂಗಭದ್ರಾ ಕಾಲುವೆಯ ಗಂಗಾವತಿಯಲ್ಲಿ ಅನ್ನಕ್ಕೆ ಬೇಳೆ ಸಾರು ಕಲಸುವ ಮನೆಗಳಲ್ಲಾಗಲಿ, ಬಡವರ ಪ್ರೋಟೀನಿನ ಆಧಾರ ಕಾಳೇ.

ಉಲ್ಲೇಖಗಳ ದಾಖಲೆ

ಒಂದು ಪ್ರಬಂಧವನ್ನು ಮುಂದಿನ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದರು ಎಂದು ಲೆಕ್ಕ ಇಡುವ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಅನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಅಷ್ಟರಲ್ಲಿ ಸೊಹೊನಿ ಅವರ ಮೊದಲ ಪ್ರಬಂಧಕ್ಕೆ ಮೂವತ್ತು ವರ್ಷ ತುಂಬುತ್ತಿತ್ತು. ಈ ಲೆಕ್ಕದಲ್ಲಿ ಅವರ ದುಡಿಮೆ ಮೂರು ಕಡೆ ಚದುರುತ್ತದೆ. ಮದುವೆಗೆ ಮುಂಚಿನ ಸಂಶೋಧನೆಗಳು, ಮದುವೆಯ ನಂತರ ಅಚ್ಚಾದ 1951ರ ಪ್ರಬಂಧವೂ ಸೇರಿ, ಭಾಗವತ್ ಹೆಸರಿನಲ್ಲಿವೆ. 1955ರ ‘ನೇಚರ್’ ವರದಿಯಂಥವು ಸೊಹೊನಿ ಹೆಸರಿನಲ್ಲಿವೆ. ಹಳೆಯ ಮುದ್ರಿತ ಸೂಚಿ ಉಲ್ಲೇಖಿತ ಪ್ರಬಂಧವನ್ನು ಮೊದಲ ಲೇಖಕರ ಹೆಸರಿನಲ್ಲಿ ಮಾತ್ರ ದಾಖಲಿಸುತ್ತಿದ್ದುದರಿಂದ, ಶಿಷ್ಯರ ಹೆಸರನ್ನು ಮುಂದಿಟ್ಟ ಪ್ರಬಂಧಗಳ ಉಲ್ಲೇಖಗಳು ಶಿಷ್ಯರ ಪಾಲಿಗೆ ಹೋದವು. 1965ರ ಅವರೆಯ ಅಧ್ಯಯನ ಅಂಥದ್ದು.

ಉಲ್ಲೇಖಗಳು ಹೆಚ್ಚಾಗಿ ಸೇರುವುದು ಎಲ್ಲರೂ ಬಳಸುವ ವಿಧಾನಗಳಿಗೆ. ಪ್ರೋಟೀನು ಅಳೆಯುವ ವಿಧಾನವನ್ನು ವಿವರಿಸಿದ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ 2014ರ ಹೊತ್ತಿಗೆ 3 ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳಿದ್ದವು. 1951ರದ್ದೇ ಆದ ಭಾಗವತ್–ಹಿಲ್ ಪ್ರಬಂಧವನ್ನು ಆ ಅಳತೆಗೋಲಿನಿಂದ ತೂಗುವುದು ನ್ಯಾಯವಲ್ಲ. ಸೊಹೊನಿ ಅವರ ಸಾಧನೆಯನ್ನು ಅರಿಯಲು ಬಯಸುವವರು ಎರಡೂ ಹೆಸರುಗಳಲ್ಲಿ, ಜೊತೆಗೆ ಶಿಷ್ಯರ ಹೆಸರುಗಳಲ್ಲಿಯೂ ಹುಡುಕಿ, ಪ್ರಬಂಧಗಳನ್ನೇ ಓದಬೇಕು.